ಮುಂಬಯಿಯ ಹಳೆ ಕಟ್ಟಡಗಳು ಏಕೆ ಉಳಿಯುತ್ತಿಲ್ಲ: ಬಾಡಿಗೆ, ಎಫ್‌ಎಸ್‌ಐ ಮತ್ತು ನಮ್ಮ ಗಲ್ಲಿಗಳು

ಮುಂಬಯಿಯ ಕಾಳಾ ಘೋಡಾದಲ್ಲಿರುವ ಎಸ್‌ಪ್ಲನೇಡ್ ಮ್ಯಾನ್ಶನ್ ಹಿಂದೆ ವಾಟ್ಸನ್ಸ್ ಹೋಟೆಲ್ ಆಗಿತ್ತು. ಅದರ ಎರಕದ ಕಬ್ಬಿಣದ ಕಂಬ, ತೊಲೆಗಳನ್ನು ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು, 1860ರ ದಶಕದ ಕೊನೆಯಲ್ಲಿ ಇಲ್ಲಿ ಜೋಡಿಸಿ ನಿಲ್ಲಿಸಿದರು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡದ್ದು ಈ ಹೋಟೆಲಿನಲ್ಲೇ. ಪಾಲಿಕೆಯ ಪಾರಂಪರಿಕ ಪಟ್ಟಿಯಲ್ಲಿ ಇದರ ಹೆಸರಿದೆ. ಅಪಾಯದಲ್ಲಿರುವ ನೂರು ಸ್ಮಾರಕಗಳೆಂದು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2006ಕ್ಕೆ ಹೊರಡಿಸಿದ ಪಟ್ಟಿಯಲ್ಲೂ ಇತ್ತು. ಆದರೂ 2005ರಲ್ಲಿ ಇದರ ಒಂದು ಭಾಗ ಕುಸಿದು ಬಿತ್ತು. 2019ರಲ್ಲಿ ಒಳಗಿದ್ದವರನ್ನೆಲ್ಲ ಖಾಲಿ ಮಾಡಿಸಬೇಕಾಯಿತು. ಕೆಡವುವುದೇ ಸರಿ ಎಂದು ಐಐಟಿ ಬಾಂಬೆಯ ವರದಿ ಹೇಳಿತು. ದುರಸ್ತಿ ಮಾಡಿ ಉಳಿಸಬಹುದು ಎಂದು ಸಂರಕ್ಷಣೆಯ ತಜ್ಞರು ವಾದಿಸಿದರು.

ಇಷ್ಟು ದೊಡ್ಡ ಹೆಸರಿನ ಕಟ್ಟಡಕ್ಕೆ ಈ ಗತಿ ಹೇಗೆ ಬಂತು? ಹೋಟೆಲ್ ಮುಚ್ಚಿದ ಮೇಲೆ ಅದನ್ನು ಚಿಕ್ಕ ಚಿಕ್ಕ ಖೋಲಿಗಳಾಗಿ ಒಡೆದು ಬಾಡಿಗೆಗೆ ಕೊಟ್ಟರು. ನ್ಯಾಯಾಲಯ ಹತ್ತಿರವೇ ಇದ್ದುದರಿಂದ ವಕೀಲರ ಕಚೇರಿಗಳು ತುಂಬಿಕೊಂಡವು. ಬಾಡಿಗೆ ಹಳೆ ಕಾಲದ್ದೇ ಉಳಿಯಿತು. ಬಂದ ಬಾಡಿಗೆಯಲ್ಲಿ ಬಣ್ಣ ಬಳಿಯುವುದೂ ಕಷ್ಟ, ಹೀಗಿರುವಾಗ ಕಬ್ಬಿಣದ ಚೌಕಟ್ಟಿನ ದುರಸ್ತಿಗೆ ಮಾಲೀಕನಿಂದ ಹಣ ಹುಟ್ಟುವುದೆಲ್ಲಿಂದ? ತನ್ನದಲ್ಲದ ಕಟ್ಟಡಕ್ಕೆ ಬಾಡಿಗೆದಾರ ಏಕೆ ಲಕ್ಷಾಂತರ ಸುರಿಯಬೇಕು? ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಈ ಇಬ್ಬರ ನಡುವೆ ನೂರೈವತ್ತು ವರ್ಷದ ಕಟ್ಟಡ ತುಕ್ಕು ಹಿಡಿಯಿತು.

ಮುಂಬಯಿಯಲ್ಲಿ ಹಳೆಯದು ಮಾಯವಾಗುವುದಕ್ಕೆ ಬಿಲ್ಡರನ ದುರಾಸೆ, ಜನರ ಅಸಡ್ಡೆ ಎಂದು ಎರಡೇ ಕಾರಣ ಹೇಳಿ ಮುಗಿಸುವುದು ಸುಲಭ. ಆದರೆ ಈ ಊರಿನ ಕಾನೂನುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೆಯೇ ಲೆಕ್ಕ ಕಾಣುತ್ತದೆ. ಕಟ್ಟಡ ನಿಂತಿದ್ದರೆ ಯಾರಿಗೂ ಲಾಭವಿಲ್ಲ, ಬಿದ್ದರೆ ಎಲ್ಲರಿಗೂ ಇದೆ. ಮಾಲೀಕನಿಗೆ, ಬಾಡಿಗೆದಾರನಿಗೆ, ಬಿಲ್ಡರನಿಗೆ, ಹೆಚ್ಚುವರಿ ಕಟ್ಟುವ ಹಕ್ಕಿಗೆ ಪ್ರೀಮಿಯಂ ವಸೂಲಿ ಮಾಡುವ ಸರಕಾರಕ್ಕೆ, ಎಲ್ಲರಿಗೂ. ಈ ಸ್ಥಿತಿ ತಾನಾಗಿ ಬಂದದ್ದಲ್ಲ. ಸುಮಾರು ಎಂಬತ್ತು ವರ್ಷಗಳಲ್ಲಿ ಒಂದೊಂದೇ ಕಾಯ್ದೆಯಿಂದ ಕಟ್ಟಿಕೊಂಡದ್ದು.

ಮೊದಲನೆಯದು 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ. ಎರಡನೇ ಮಹಾಯುದ್ಧದ ಕಾಲದ ಮನೆ ಅಭಾವ, ದೇಶವಿಭಜನೆಯ ನಿರಾಶ್ರಿತರು, ಹಳ್ಳಿಗಳಿಂದ ಬರುತ್ತಿದ್ದ ಕಾರ್ಮಿಕರು ಎಲ್ಲರನ್ನೂ ಮಾಲೀಕರ ಸುಲಿಗೆಯಿಂದ ಕಾಪಾಡಲು ತಂದ ಕಾನೂನು ಅದು. ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ನಿಲ್ಲಿಸಿತು. ತಾತ್ಕಾಲಿಕ ಎಂದು ಬಂದದ್ದು ಮತ್ತೆ ಮತ್ತೆ ವಿಸ್ತರಣೆಗೊಂಡು, 2000ದಲ್ಲಿ ಹೊಸ ಮಹಾರಾಷ್ಟ್ರ ಬಾಡಿಗೆ ಕಾಯ್ದೆ ಜಾರಿಗೆ ಬರುವವರೆಗೂ ಉಳಿಯಿತು. ಹೊಸ ಕಾಯ್ದೆಯೂ ಹಳೆ ಬಾಡಿಗೆಯನ್ನು ವರ್ಷಕ್ಕೆ ಶೇ. 4ರಷ್ಟು ಏರಿಸಲು ಮಾತ್ರ ಬಿಟ್ಟಿತು. ದಕ್ಷಿಣ ಮುಂಬಯಿಯಲ್ಲಿ ತಿಂಗಳಿಗೆ ನೂರಿನ್ನೂರು ರೂಪಾಯಿಯ ಬಾಡಿಗೆ ರಸೀದಿ ಇಟ್ಟುಕೊಂಡವರು ಇಂದೂ ಸಿಗುತ್ತಾರೆ.

ಕಾನೂನು ಮುಚ್ಚಿದ ಬಾಗಿಲಿಗೆ ಜನ ಹಿಂಬಾಗಿಲು ಹುಡುಕಿಕೊಂಡರು. ಅದೇ ಪಗ್ಡಿ. ಬಾಡಿಗೆದಾರ ಒಂದು ದೊಡ್ಡ ಮೊತ್ತ ಕೊಟ್ಟು ಒಳಗೆ ಬರುತ್ತಾನೆ. ಬಿಡುವಾಗ ಇನ್ನೊಬ್ಬನಿಂದ ಹಣ ಪಡೆದು, ಅದರಲ್ಲಿ ಮಾಲೀಕನಿಗೆ ಒಂದು ಪಾಲು ಕೊಟ್ಟು ಹೋಗುತ್ತಾನೆ. ಅಲ್ಲಿಗೆ ಬಾಡಿಗೆದಾರ ಅರ್ಧ ಮಾಲೀಕನಾದ, ಮಾಲೀಕ ಹೆಸರಿಗೆ ಮಾತ್ರ ಉಳಿದ. ಕಟ್ಟಡಕ್ಕೆ ಪೂರ್ತಿ ವಾರಸುದಾರ ಯಾರೂ ಇಲ್ಲವಾದರು. ಕರ್ನಾಟಕದ ಕರಾವಳಿಯ ನಮ್ಮ ಊರುಗಳಿಂದ ಬಂದು ಇಲ್ಲಿ ಹೋಟೆಲು ಇಟ್ಟವರಲ್ಲಿ ಬಹಳ ಮಂದಿಯ ಜಾಗ ಈ ಪಗ್ಡಿಯದ್ದೇ.

1960ರ ದಶಕದಲ್ಲಿ ಪ್ರತಿ ಮಳೆಗಾಲಕ್ಕೆ ಕಟ್ಟಡಗಳು ಬೀಳತೊಡಗಿದಾಗ ಸರಕಾರ 1969ರಲ್ಲಿ ದುರಸ್ತಿ ಮಂಡಳಿಯ ಕಾಯ್ದೆ ತಂದಿತು. ಹಳೆ ಬಾಡಿಗೆ ಕಟ್ಟಡಗಳಿಂದ ಸೆಸ್ ಎಂಬ ವಿಶೇಷ ತೆರಿಗೆ ವಸೂಲಿ ಮಾಡಿ ಅದರಿಂದ ದುರಸ್ತಿ ಮಾಡಿಸುವ ಯೋಜನೆ. ಆರಂಭದಲ್ಲಿ ಇಂಥ ಸೆಸ್ ಕಟ್ಟಡಗಳು 19 ಸಾವಿರಕ್ಕೂ ಹೆಚ್ಚಿದ್ದವು. ಆ ಮಂಡಳಿ ಈಗ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಭಾಗ. ಆದರೆ ದುರಸ್ತಿಗೆ ಚದರ ಮೀಟರಿಗೆ ಇಷ್ಟೇ ಎಂಬ ಮಿತಿ ಇದೆ, ಅದು ನಿಜವಾದ ಖರ್ಚಿಗೆ ಸಾಲುವುದಿಲ್ಲ. ಗಿರಗಾಂವ್, ಭುಲೇಶ್ವರ್, ಡೋಂಗ್ರಿ ಕಡೆ ನಡೆದರೆ ಇದರ ಫಲ ಕಣ್ಣಿಗೆ ಕಾಣುತ್ತದೆ. ಬರ್ಮಾ ತೇಗದ ತೊಲೆಗೆ ಕಬ್ಬಿಣದ ಗರ್ಡರ್ ಆಸರೆ. ಮೊಗಸಾಲೆಯ ಕೆತ್ತನೆ ಕಂಬದ ಪಕ್ಕ ಹಸಿರು ಬಣ್ಣದ ಟೇಕು. ಮರದ ಮೆಟ್ಟಿಲು ಕಡಿದಾಗಿರುವುದರಿಂದ ಹಿಡಿದು ಹತ್ತಲು ಮೇಲಿನಿಂದ ಇಳಿಬಿಟ್ಟ ಹಗ್ಗ, ಕೈಗಳ ಎಣ್ಣೆಗೆ ಕಪ್ಪಾಗಿ ನುಣುಪಾದದ್ದು. ಮೆಟ್ಟಿಲ ಬುಡದಲ್ಲಿ ಮೀಟರ್ ಪೆಟ್ಟಿಗೆಗಳ ಸಾಲು, ಅದರ ಮೇಲೆ ‘ಈ ಕಟ್ಟಡ ಅಪಾಯಕಾರಿ’ ಎಂದು ಹೋದ ವರ್ಷ ಅಂಟಿಸಿದ ನೋಟಿಸಿನ ಮೇಲೆ ಈ ವರ್ಷದ ನೋಟಿಸು.

ಇಷ್ಟಾದ ಮೇಲೆ ಬಂದದ್ದು ಅಭಿವೃದ್ಧಿ ನಿಯಂತ್ರಣ ನಿಯಮದ 33(7). ಇದನ್ನು ಅರ್ಥ ಮಾಡಿಕೊಳ್ಳದೆ ಇಂದಿನ ಮುಂಬಯಿ ಅರ್ಥವಾಗುವುದಿಲ್ಲ. ಎಫ್‌ಎಸ್‌ಐ ಎಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ. ದ್ವೀಪನಗರದಲ್ಲಿ, ಅಂದರೆ ದಕ್ಷಿಣದ ಹಳೆ ಮುಂಬಯಿಯಲ್ಲಿ, ಮೂಲ ಎಫ್‌ಎಸ್‌ಐ 1.33. ಹಳೆಯ ಸೆಸ್ ಕಟ್ಟಡವನ್ನು ಕೆಡವಿ ಕಟ್ಟಿದರೆ 3 ಅಥವಾ ಬಾಡಿಗೆದಾರರ ಪುನರ್ವಸತಿಗೆ ಬೇಕಾದಷ್ಟು ಮತ್ತು ಅದರ ಮೇಲೆ ಪ್ರೋತ್ಸಾಹಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಸಾವಿರ ಚದರ ಮೀಟರಿನ ನಿವೇಶನ ಎಂದುಕೊಳ್ಳಿ. ಮೂರು ಸಾವಿರ ಚದರ ಮೀಟರ್ ಕಟ್ಟಬಹುದು. ಅದರಲ್ಲಿ ಸಾವಿರದ ಆರುನೂರು ಹಳೆ ಬಾಡಿಗೆದಾರರಿಗೆ ಪುಕ್ಕಟೆ ಹೋದರೂ ಸಾವಿರದ ನಾನ್ನೂರು ಬಿಲ್ಡರನ ಕೈಯಲ್ಲಿ ಮಾರಾಟಕ್ಕೆ ಉಳಿಯುತ್ತದೆ. ಬಾಡಿಗೆದಾರರು ಹೆಚ್ಚಿದ್ದಷ್ಟೂ ಕಟ್ಟುವ ಹಕ್ಕು ಹೆಚ್ಚು. ಅಂದರೆ ಯಾವ ಕಟ್ಟಡ ಹೆಚ್ಚು ಹೆಚ್ಚು ಖೋಲಿಗಳಾಗಿ ಒಡೆದು ಹಾಳಾಗಿದೆಯೋ ಅದನ್ನು ಕೆಡವಿದರೆ ಲಾಭ ಜಾಸ್ತಿ. ಒಪ್ಪಿಗೆಗೆ ಹಿಂದೆ ಶೇ. 70 ಬಾಡಿಗೆದಾರರು ಬೇಕಿತ್ತು, ಈಗ ಶೇ. 51 ಸಾಕು. ಮನೆ ಎಷ್ಟೇ ಚಿಕ್ಕದಿದ್ದರೂ ಕನಿಷ್ಠ 300 ಚದರ ಅಡಿಯ ಸ್ವಂತ ಮನೆ ಸಿಗುತ್ತದೆ. ನೂರು ಚದರ ಅಡಿಯ ಖೋಲಿಯಲ್ಲಿ, ಮೊಗಸಾಲೆಯ ತುದಿಯ ಸಾಮೂಹಿಕ ಶೌಚಾಲಯದ ಮುಂದೆ ಬಕೆಟ್ ಹಿಡಿದು ನಿಂತು ಮುದುಕರಾದವರು ಈ ಅವಕಾಶಕ್ಕೆ ಇಲ್ಲ ಎನ್ನಬೇಕೆಂದು ಯಾರು ಹೇಳಬಲ್ಲರು?

ಹಳೆ ಕಟ್ಟಡಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಜಾರಿಕೊಳ್ಳುವ ಜಾಗ ಇದು. 2017ರ ಆಗಸ್ಟ್ 31ರಂದು ಭೆಂಡಿ ಬಜಾರಿನ ಹುಸೈನಿ ಕಟ್ಟಡ ಕುಸಿದು 33 ಮಂದಿ ಸತ್ತರು. 2019ರ ಜುಲೈಯಲ್ಲಿ ಡೋಂಗ್ರಿಯ ಕೇಸರಬಾಯಿ ಕಟ್ಟಡ ಕುಸಿದು ಹತ್ತಕ್ಕೂ ಹೆಚ್ಚು ಮಂದಿ ಹೋದರು. ಹಳೆ ಕಟ್ಟಡ ಚಂದ ಎನ್ನುವವರನ್ನು ಬಾಡಿಗೆದಾರರು ‘ಜುಲೈ ತಿಂಗಳಲ್ಲಿ ಒಂದು ರಾತ್ರಿ ಇಲ್ಲಿ ಬಂದು ಮಲಗಿ ನೋಡಿ ಮಾರಾಯ್ರೆ’ ಎಂದು ಕೇಳುವುದುಂಟು. ಆ ಮಾತಿಗೆ ಉತ್ತರ ಕೊಡಲಾಗದ ಸಂರಕ್ಷಣೆಯಲ್ಲಿ ನನಗೆ ನಂಬಿಕೆ ಇಲ್ಲ.

ಹಾಗಾದರೆ ಪಾರಂಪರಿಕ ಕಾನೂನು ಏನು ಮಾಡುತ್ತದೆ? ದೇಶದಲ್ಲೇ ಮೊದಲ ಬಾರಿಗೆ 1995ರಲ್ಲಿ ಮುಂಬಯಿ ಇಂಥ ನಿಯಮ ತಂದಿತು. ಆರುನೂರಕ್ಕೂ ಹೆಚ್ಚು ಕಟ್ಟಡ, ಪ್ರದೇಶಗಳು ಪಟ್ಟಿಗೆ ಸೇರಿದವು. ಮೊದಲ ದರ್ಜೆಯವನ್ನು ಮುಟ್ಟುವಂತಿಲ್ಲ. ಎರಡನೆಯದರಲ್ಲಿ ಒಳಗೆ ಬದಲಾವಣೆ ಮಾಡಬಹುದು. ಮೂರನೆಯದನ್ನು ಹೊರಗೂ ಒಳಗೂ ಬದಲಿಸಬಹುದು, ಪುನರ್‌ನಿರ್ಮಾಣಕ್ಕೂ ದಾರಿ ಇದೆ. ಜನವಸತಿಯ ಕಟ್ಟಡಗಳು, ಚಾಳುಗಳು, ಗಲ್ಲಿಗಳು ಬಂದರೆ ಬರುವುದು ಈ ಮೂರನೇ ದರ್ಜೆಯಲ್ಲಿ. ಪಟ್ಟಿಗೆ ಸೇರಿ ಕಟ್ಟುವ ಹಕ್ಕು ಕಳೆದುಕೊಂಡ ಮಾಲೀಕನಿಗೆ ಅದನ್ನು ಬೇರೆಡೆ ಮಾರಿಕೊಳ್ಳುವ ಟಿಡಿಆರ್ ಕೊಡಬಹುದೆಂದು ನಿಯಮ ಹೇಳುತ್ತದೆ. ಆದರೆ ಟಿಡಿಆರ್ ಮಾಲೀಕನಿಗೆ, ಸೋರುವ ಸೂರಿನ ಕೆಳಗಿರುವುದು ಬಾಡಿಗೆದಾರ. ಅವನ ಪಾಲಿಗೆ ಪಟ್ಟಿಯ ಅರ್ಥ ಒಂದೇ, ಪಕ್ಕದ ಕಟ್ಟಡದವರಿಗೆ ಸಿಕ್ಕ ಹೊಸ ಮನೆ ತನಗೆ ಸಿಗುವುದಿಲ್ಲ. 2012ರಲ್ಲಿ ಪಾಲಿಕೆ ಶಿವಾಜಿ ಪಾರ್ಕ್, ದಾದರ್, ಮಾಟುಂಗಾ ಕಡೆಯ ನೂರಾರು ಕಟ್ಟಡಗಳನ್ನು ಪಟ್ಟಿಗೆ ಸೇರಿಸುವ ಪ್ರಸ್ತಾಪ ಇಟ್ಟಾಗ ಅತಿ ಜೋರಾಗಿ ವಿರೋಧಿಸಿದವರು ಅಲ್ಲಿನ ನಿವಾಸಿಗಳೇ. ಅವರು ಊರಿನ ಇತಿಹಾಸ ಗೊತ್ತಿಲ್ಲದವರಲ್ಲ. ಲಿಫ್ಟ್ ಇಲ್ಲದ ನಾಲ್ಕನೇ ಮಾಳಿಗೆಯ ಹಿರಿಯರು.

ಮುಂಬಯಿ ಯಾವಾಗಲೂ ಹಳೆಯದನ್ನು ಕೆಡವಿಯೇ ಬೆಳೆದ ಊರು, ಈಗೇಕೆ ಅಳಬೇಕು ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೀಯರ್ ಕೋಟೆಯ ಗೋಡೆಗಳನ್ನೇ ಕೆಡವಿಸಿದ. ಚರ್ಚ್‌ಗೇಟ್, ಬಜಾರ್‌ಗೇಟ್ ಎಂಬ ಬಾಗಿಲುಗಳು ಹೋಗಿ ಹೆಸರುಗಳಷ್ಟೇ ಉಳಿದವು. ಆ ತೆರವಾದ ಜಾಗದಲ್ಲೇ ಹೈಕೋರ್ಟು, ವಿಶ್ವವಿದ್ಯಾಲಯದಂಥ ಗೋಥಿಕ್ ಕಟ್ಟಡಗಳು ಎದ್ದವು. 1930ರ ದಶಕದಲ್ಲಿ ಸಮುದ್ರ ತುಂಬಿಸಿದ ನೆಲದ ಮೇಲೆ ಆರ್ಟ್ ಡೆಕೊ ಶೈಲಿಯ ಮನೆಗಳು ಬಂದವು. ಓವಲ್ ಮೈದಾನದ ಎರಡು ಬದಿಯ ಈ ಎರಡು ಕಾಲದ 94 ಕಟ್ಟಡಗಳಿಗೆ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಕೊಟ್ಟಿತು. ಅಂದಿನ ಹೊಸ ನಿರ್ಮಾಣ ಇಂದಿನ ಪರಂಪರೆ.

ಆದರೆ ಅಂದಿಗೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. 1896ರ ಪ್ಲೇಗಿನ ನಂತರ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಡವರ ಮನೆಗಳನ್ನು ನಿರ್ದಯವಾಗಿ ಕೆಡವಿತು, ಎಬ್ಬಿಸಿದಷ್ಟು ಜನರಿಗೆ ಮನೆ ಕೊಡಲಿಲ್ಲ. ಆ ತಪ್ಪನ್ನು ಮರೆಯಬಾರದು. ಆದರೆ ದಾದರ್–ಮಾಟುಂಗಾದಲ್ಲಿ ಅದೇ ಟ್ರಸ್ಟ್ ಮೊದಲು ರಸ್ತೆ, ಮರದ ಸಾಲು, ಫೈವ್ ಗಾರ್ಡನ್ಸ್, ಶಾಲೆಗಳ ಜಾಗ ಎಲ್ಲ ಗುರುತು ಮಾಡಿ ಆಮೇಲೆ ಕಟ್ಟಡಗಳಿಗೆ ಅನುಮತಿ ಕೊಟ್ಟಿತು. ಇಂದಿನ ಪುನರ್‌ನಿರ್ಮಾಣ ನಡೆಯುವುದು ನಿವೇಶನಕ್ಕೆ ನಿವೇಶನ, ಒಂದೊಂದೇ. ರಸ್ತೆ ಅಷ್ಟೇ ಅಗಲ, ಚರಂಡಿ ಅದೇ, ಮೈದಾನ ಅದೇ. ನಾಲ್ಕು ಮಾಳಿಗೆಯ ಜಾಗದಲ್ಲಿ ಇಪ್ಪತ್ತೆರಡು ಮಾಳಿಗೆ, ಕೆಳಗಿನ ಐದು ಮಾಳಿಗೆ ಪಾರ್ಕಿಂಗ್. ಹಲವು ಕಟ್ಟಡಗಳನ್ನು ಒಟ್ಟಿಗೆ ಕೆಡವಿ ಕಟ್ಟುವ ಕ್ಲಸ್ಟರ್ ಯೋಜನೆಗೆ ದ್ವೀಪನಗರದಲ್ಲಿ ಕನಿಷ್ಠ 4,000 ಚದರ ಮೀಟರ್ ಬೇಕು. ಭೆಂಡಿ ಬಜಾರಿನಲ್ಲಿ ಬೋಹ್ರಾ ಸಮುದಾಯದ ಟ್ರಸ್ಟ್ ಸುಮಾರು 16.5 ಎಕರೆಯನ್ನು ಒಟ್ಟಾಗಿ ಕೈಗೆತ್ತಿಕೊಂಡದ್ದು ಅಪರೂಪದ ಉದಾಹರಣೆ. ಎಲ್ಲ ಗಲ್ಲಿಗೂ ಅಂಥ ಸಂಘಟಿತ ಸಮುದಾಯ ಇರುವುದಿಲ್ಲ.

ಒಟ್ಟಾಗಿ ಯೋಚಿಸುವ ಅತಿ ದೊಡ್ಡ ಅವಕಾಶವನ್ನು ಈ ಊರು ಕೈಯಾರೆ ಕಳೆದುಕೊಂಡದ್ದು ಬಟ್ಟೆ ಗಿರಣಿಗಳ ನೆಲದಲ್ಲಿ. 1982ರ ಮುಷ್ಕರದ ನಂತರ ನೆಲಕಚ್ಚಿದ ಗಿರಣಿಗಳ ಕೈಯಲ್ಲಿ ಸುಮಾರು 600 ಎಕರೆ ಇತ್ತು. 1991ರ ನಿಯಮದಂತೆ ಮೂರರಲ್ಲಿ ಒಂದು ಪಾಲು ಸಾರ್ವಜನಿಕ ಬಯಲಿಗೆ, ಒಂದು ಮ್ಹಾಡಾ ಮನೆಗಳಿಗೆ, ಒಂದು ಮಾಲೀಕರಿಗೆ. 2001ರ ತಿದ್ದುಪಡಿ ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ನೆಲಕ್ಕಷ್ಟೇ ಸೀಮಿತಗೊಳಿಸಿತು, 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಊರಿಗೆ ಸಿಗಬೇಕಾದ ಪಾಲು ಕರಗಿಹೋಯಿತು. ಲೋವರ್ ಪರೇಲಿನಲ್ಲಿ ಮಾಲ್‌ ನಡುವೆ ನಿಂತಿರುವ ಚಿಮಣಿ ನೋಡಿ ಗಿರಣಿ ಕಾರ್ಮಿಕರ ಊರಾಗಿದ್ದ ಗಿರಣಗಾಂವ್ ಉಳಿದಿದೆ ಎನ್ನುವುದು ಆ ಕಾರ್ಮಿಕರಿಗೆ ಮಾಡುವ ಅವಮಾನ. ಬ್ರಿಟಿಷರ ಕಾಲದ ಸೇತುವೆಗಳೂ ಹೀಗೆಯೇ ಒಂದೊಂದಾಗಿ ಹೋಗುತ್ತಿವೆ. 2016ರಲ್ಲಿ ಹ್ಯಾನ್ಕಾಕ್, 2022ರಲ್ಲಿ ಕಾರ್ನಾಕ್, ಆಮೇಲೆ ಎಲ್ಫಿನ್‌ಸ್ಟನ್. ಸವೆದ ಸೇತುವೆ ಬದಲಾಗಬೇಕಾದದ್ದೇ, ಅದರಲ್ಲಿ ನನಗೆ ತಕರಾರಿಲ್ಲ.

ಮುಂಬಯಿ ಕನ್ನಡಿಗರಾದ ನಮಗೆ ಹೆಚ್ಚು ತಟ್ಟಬೇಕಾದ ನಷ್ಟ ಬೇರೆ ಕಡೆ ಇದೆ, ಅದು ಯಾವ ಪಟ್ಟಿಯಲ್ಲೂ ಇಲ್ಲ. ಕರಾವಳಿಯಿಂದ ಹಡಗು, ಬಸ್ಸು ಹತ್ತಿ ಬಂದ ಹುಡುಗರು ಇಳಿದದ್ದು ಹಳೆ ಕೋಟೆಯ ಪ್ರದೇಶವಾದ ಫೋರ್ಟಿನ ಗಲ್ಲಿಗಳಲ್ಲಿ. ಕೆಳಗೆ ಹೋಟೆಲು. ಅದರ ತಾರಸಿಗೂ ಅಡುಗೆಮನೆಗೂ ನಡುವೆ ತಲೆ ಬಗ್ಗಿಸಿ ನುಸುಳಬೇಕಾದ ಪೋಟಮಾಳಾ, ಹೋಟೆಲ್ ಹುಡುಗರು ಮಲಗುತ್ತಿದ್ದ ಜಾಗ. ಟ್ರಂಕು ಗೋಡೆಗೆ, ಚಾಪೆ ಟ್ರಂಕಿನ ಮೇಲೆ, ಅಂಗಿ ಮೊಳೆಗೆ. ಸಂಜೆ ಪಾಳಿ ಮುಗಿಸಿ ಕೈ ತೊಳೆದು ಹೋಗುತ್ತಿದ್ದುದು ಕನ್ನಡ ರಾತ್ರಿ ಶಾಲೆಗೆ. ಹಗಲು ಬೇರೆ ಮಕ್ಕಳು ಕೂತ ಬೆಂಚಿನಲ್ಲೇ ರಾತ್ರಿ ಇವರು ಕೂತು ಮೆಟ್ರಿಕ್ ಮುಗಿಸಿ, ಬ್ಯಾಂಕು, ಕಸ್ಟಮ್ಸ್, ವಕೀಲಿಕೆ ಎಂದು ಏರಿದರು. ಮುಂಬಯಿ ಕನ್ನಡಿಗರ ಮಧ್ಯಮವರ್ಗ ಹುಟ್ಟಿದ್ದು ಈ ರಾತ್ರಿ ಶಾಲೆಗಳಲ್ಲಿ ಎಂದರೆ ಉತ್ಪ್ರೇಕ್ಷೆಯಲ್ಲ. ಆ ಹೋಟೆಲು, ಆ ಪೋಟಮಾಳಾ, ಆ ತರಗತಿಗಳ ಕಟ್ಟಡಗಳಿಗೆ ಗೋಥಿಕ್ ಕಮಾನಿಲ್ಲ, ಹೆಸರಾಂತ ವಾಸ್ತುಶಿಲ್ಪಿ ಇಲ್ಲ. ಆದ್ದರಿಂದ ಪಟ್ಟಿ ಮಾಡುವವರ ಕಣ್ಣಿಗೆ ಅವು ಬೀಳಲೇ ಇಲ್ಲ. ನಾವೂ ತೋರಿಸಲಿಲ್ಲ.

ಜನ ಉಪನಗರಗಳಿಗೆ ಸರಿದಂತೆ ಸಂಸ್ಥೆಗಳೂ ಸರಿದವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಭವನ ಅಂಧೇರಿಯಲ್ಲಿದೆ, 1927ರ ಬಂಟರ ಸಂಘದ್ದು ಕುರ್ಲಾದಲ್ಲಿ, ಬಿಲ್ಲವರದ್ದು ಸಾಂತಾಕ್ರೂಜ್‌ನಲ್ಲಿ. ದೊಡ್ಡ ಸಭಾಗೃಹಗಳು, ಹೆಮ್ಮೆಪಡಬೇಕಾದ ಸಾಧನೆ. ಆದರೆ ಫೋರ್ಟಿನಲ್ಲಿ ನಮ್ಮವರು ಬದುಕಿದ ಗುರುತು ತೋರಿಸಿ ಎಂದು ಇವತ್ತು ಒಬ್ಬ ಕಾಲೇಜು ಹುಡುಗಿ ಕೇಳಿದರೆ ಕೈ ತೋರಿಸಲು ಉಳಿದಿರುವುದು ತೀರ ಕಡಿಮೆ.

ಮಾಟುಂಗಾ ಇನ್ನೂ ಉಳಿದಿದೆ. 1926ರ ಮೈಸೂರು ಅಸೋಸಿಯೇಷನ್, 1936ರ ಮೈಸೂರು ಕೆಫೆ, 1940ರ ಕೆಫೆ ಮದ್ರಾಸ್, 1942ರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಎಲ್ಲ ನಡೆದು ಹೋಗುವ ದೂರದಲ್ಲಿ. ಆದರೆ ಸುತ್ತಲಿನ ಕಟ್ಟಡಗಳ ಮೇಲೆ ಕೆಡವುವ ಮುನ್ನ ಹೊದಿಸುವ ಹಸಿರು ಬಲೆ ಇಳಿಯುತ್ತಿದೆ. ಇಂಥ ಕಡೆ ಪುನರ್‌ನಿರ್ಮಾಣ ಬಂದರೆ ಸಣ್ಣ ಹೋಟೆಲಿಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಕಾನೂನಿನಂತೆ ಅಂಗಡಿಗೆ ಅಷ್ಟೇ ಜಾಗ ಸಿಗುತ್ತದೆ. ಆದರೆ ಮೂರೋ ನಾಲ್ಕೋ ವರ್ಷ ಬಾಗಿಲು ಹಾಕಬೇಕು. ಅಷ್ಟರಲ್ಲಿ ಅಡುಗೆ ಭಟ್ಟರು ಬೇರೆ ಕೆಲಸ ಹಿಡಿದಿರುತ್ತಾರೆ, ಗಿರಾಕಿಗಳ ಕಾಲು ಬೇರೆ ದಾರಿ ಹಿಡಿದಿರುತ್ತದೆ. ಹೊಸ ಕಟ್ಟಡದಲ್ಲಿ ರಸ್ತೆಗೆ ತೆರೆದ ಜಾಗ ಪಾರ್ಕಿಂಗಿನ ದಾರಿಗೆ ಹೋಗಿ ಹೋಟೆಲು ಹಿಂದಕ್ಕೆ ಸರಿಯುತ್ತದೆ. ಅಡುಗೆಯ ಹೊಗೆ, ಬೆಳಗಿನ ಜಾವದ ಗ್ರೈಂಡರ್ ಸದ್ದು ಮೇಲಿನ ಹೊಸ ಮನೆಯವರಿಗೆ ಬೇಡ. ನೂರು ರೂಪಾಯಿ ಬಾಡಿಗೆಯ ಜಾಗಕ್ಕೆ ತಿಂಗಳ ಮೇಂಟೆನೆನ್ಸೇ ಸಾವಿರಗಟ್ಟಲೆ. ಎರಡನೇ ತಲೆಮಾರು ಲೆಕ್ಕ ಹಾಕಿ, ಜಾಗವನ್ನು ಬ್ಯಾಂಕಿನ ಎಟಿಎಮ್ಮಿಗೋ ಔಷಧದ ಅಂಗಡಿಗೋ ಕೊಟ್ಟುಬಿಡುತ್ತದೆ. ಮೇಲಿನ ಮನೆಯವರದ್ದೂ ಅದೇ ಲೆಕ್ಕ, ಸಿಕ್ಕ ಮನೆ ಮಾರಿ ಠಾಣೆಗೋ ಡೊಂಬಿವಲಿಗೋ ಹೋಗುವವರು ಕಡಿಮೆಯಿಲ್ಲ. ಹೀಗೆ ಕಟ್ಟಡ ಕೆಡವಿದ ಐದಾರು ವರ್ಷಕ್ಕೆ ಅದರ ಜನವೂ ಬದಲಾಗಿರುತ್ತಾರೆ.

ಉಳಿದ ಕಟ್ಟಡಗಳು ಹೇಗೆ ಉಳಿದವು ಎಂದು ನೋಡಿದರೂ ಇದೇ ತರ್ಕ. ಸಿಎಸ್‌ಎಂಟಿ ರೈಲು ನಿಲ್ದಾಣ 1888ರಿಂದ ಇಂದಿನವರೆಗೂ ಗಟ್ಟಿಯಾಗಿರುವುದಕ್ಕೆ ಅಲ್ಲಿ ಇನ್ನೂ ರೈಲು ಓಡುತ್ತಿರುವುದು, ರೈಲ್ವೆಯೇ ಮಾಲೀಕ, ರೈಲ್ವೆಯೇ ಬಳಕೆದಾರ ಆಗಿರುವುದು ಕಾರಣ. 1993ರಲ್ಲಿ ಮುಚ್ಚಿದ್ದ ರಾಯಲ್ ಒಪೇರಾ ಹೌಸ್ 2016ರಲ್ಲಿ ಮತ್ತೆ ತೆರೆದದ್ದು ಗೊಂಡಲ್ ರಾಜಮನೆತನದ ಒಬ್ಬನೇ ಮಾಲೀಕತ್ವ ಇದ್ದುದರಿಂದ. ಆರ್ಟ್ ಡೆಕೊ ಮನೆಗಳ ಪರ ವರ್ಷಗಟ್ಟಲೆ ಓಡಾಡಿದವರು ಅಲ್ಲಿನ ನಿವಾಸಿಗಳ ಸಂಘಗಳು, ದುರಸ್ತಿಯ ಖರ್ಚು ಭರಿಸಬಲ್ಲವರು. ಉಳಿಯುವುದರಲ್ಲಿ ಒಳಗಿರುವವರಿಗೇ ಹಿತ ಇದ್ದ ಕಡೆ ಕಟ್ಟಡ ಉಳಿದಿದೆ.

ಹಾಗಾಗಿ ಪಟ್ಟಿ ಉದ್ದ ಮಾಡಿ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಮೂರನೇ ದರ್ಜೆಯ ಕಟ್ಟಡವನ್ನು ಉಳಿಸಲು ಒಪ್ಪಿದ ಬಾಡಿಗೆದಾರರಿಗೆ ಅದೇ ಕಟ್ಟಡದಲ್ಲಿ ಮಾಲೀಕತ್ವದ ಹಕ್ಕು ಸಿಗಬೇಕು. ಟಿಡಿಆರ್‌ನ ಹಣ ಮಾಲೀಕನ ಜೇಬಿಗಷ್ಟೇ ಹೋಗದೆ ಒಂದು ಭಾಗ ಕಡ್ಡಾಯವಾಗಿ ಅದೇ ಕಟ್ಟಡದ ಒಳ ಶೌಚಾಲಯ, ಲಿಫ್ಟ್, ತೊಲೆಗಳ ದುರಸ್ತಿಗೆ ಬಳಕೆಯಾಗಬೇಕು. ಕೆಡವಿದರೆ 300 ಚದರ ಅಡಿ, ಉಳಿಸಿದರೆ ಬರೀ ಫಲಕ ಎಂಬಷ್ಟು ಅನ್ಯಾಯದ ತಕ್ಕಡಿ ಇರುವವರೆಗೆ ಯಾವ ಸಮಿತಿಯೂ ಏನೂ ಮಾಡಲಾರದು.

ಅಷ್ಟರವರೆಗೆ ನಮ್ಮ ಕೈಯಲ್ಲಿರುವ ಕೆಲಸಗಳಿವೆ. ನಗರ ಯೋಜನೆಯ ನಿಯಮಕ್ಕೆ ತಿದ್ದುಪಡಿ ಬಂದಾಗ ಕಾನೂನಿನಂತೆ ಒಂದು ತಿಂಗಳು ಸಾರ್ವಜನಿಕರ ಆಕ್ಷೇಪ, ಸಲಹೆಗೆ ಸಮಯ ಇರುತ್ತದೆ. ನಮ್ಮ ಸಂಘಗಳ ಲೆಟರ್‌ಹೆಡ್‌ನಲ್ಲಿ ವಾರ್ಷಿಕೋತ್ಸವದ ಆಮಂತ್ರಣ ಹೋಗುವಷ್ಟೇ ಉತ್ಸಾಹದಿಂದ ಅಲ್ಲಿಗೂ ಒಂದು ಪತ್ರ ಹೋಗಲಿ. ಕನ್ನಡ ರಾತ್ರಿ ಶಾಲೆಗಳು ನಡೆದ ಕಟ್ಟಡಗಳ ವಿಳಾಸ, ಹಾಜರಿ ಪುಸ್ತಕ, ಗುಂಪು ಫೋಟೊಗಳು ಈಗ ಹಳೆ ವಿದ್ಯಾರ್ಥಿಗಳ ಕಪಾಟಿನಲ್ಲಿವೆ, ಅವರಿಗೆ ಎಂಬತ್ತರ ಮೇಲೆ ವಯಸ್ಸು. ಅವನ್ನು ಈ ವರ್ಷವೇ ಒಂದೆಡೆ ಸೇರಿಸಬೇಕು. ನಿಮ್ಮ ಕಟ್ಟಡ ಪುನರ್‌ನಿರ್ಮಾಣಕ್ಕೆ ಹೋಗುವುದಿದ್ದರೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಎರಡು ಅಂಶ ಬರೆಸಿಕೊಳ್ಳಿ: ನೆಲಮಟ್ಟದ ಹಳೆ ಹೋಟೆಲು, ಅಂಗಡಿ, ವಾಚನಾಲಯಕ್ಕೆ ರಸ್ತೆಗೆ ಮುಖ ಮಾಡಿದ ಜಾಗವೇ ಸಿಗಬೇಕು, ಮತ್ತು ಕೆಡವುವ ಮೊದಲು ಇಡೀ ಕಟ್ಟಡದ ಅಳತೆ ನಕ್ಷೆ, ಫೋಟೊ ಬಿಲ್ಡರನ ಖರ್ಚಿನಲ್ಲಿ ಆಗಿ ಒಂದು ಪ್ರತಿ ಸೊಸೈಟಿಗೆ ಬರಬೇಕು. ಕೋಟಿಗಳ ವ್ಯವಹಾರದಲ್ಲಿ ಬಿಲ್ಡರನಿಗೆ ಇದು ದೊಡ್ಡ ಖರ್ಚಲ್ಲ. ಸಹಿಗೆ ಮೊದಲು ಕೇಳಿದರೆ ಸಿಗುತ್ತದೆ, ಆಮೇಲೆ ಕೇಳಿದರೆ ಸಿಗುವುದಿಲ್ಲ.